ಮೀನು ದೊಡ್ಡದಾಯಿತು, ಈಗ ಏನು ಮಾಡೋದು?



ಕಳೆದ ತಿಂಗಳು ಊಟದ ಬಿಡುವಿನಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಒಳಗೂ ಬರಲಿಲ್ಲ, ಹೋಗಲೂ ಇಲ್ಲ. "ಏನಪ್ಪಾ?" ಅಂದೆ. "ಮೀನು ದೊಡ್ಡದಾಗ್ಬುಟ್ಟದ ಸಾ. ಕೆರೆಗೆ ಬುಟ್ಬುಡ್ಲಾ?" ಅಂದ.

"ಬೇಡ" ಅಂತ ತಕ್ಷಣ ಹೇಳಿಬಿಟ್ಟೆ. "ಯಾಕ್ ಸಾ?" ಅಂತ ಕೇಳಿದ. ಆಗಲೇ ಗಂಟೆ ಹೊಡೆಯಿತು. ಅವನು ಕ್ಲಾಸಿಗೆ ಹೋದ, ನಾನೂ ಹೋದೆ. ಆದರೆ ಆ "ಯಾಕ್ ಸಾ" ನನ್ನ ತಲೆಯಲ್ಲೇ ಉಳಿಯಿತು. ವಿಜ್ಞಾನದ ಮೇಷ್ಟ್ರು "ಬೇಡ" ಅಂತ ಹೇಳಿ ಕಾರಣ ಹೇಳದೆ ಹೋದರೆ ಅದು ಪಾಠವಲ್ಲ, ಬರೀ ಅಧಿಕಾರ. ಅದಕ್ಕೇ ಈ ಲೇಖನ. ಅವನಿಗೆ ಮಾತ್ರ ಅಲ್ಲ, ನಿಮಗೂ.

ಶನಿವಾರ ಮಧ್ಯಾಹ್ನ ಅವನ ಮನೆಗೆ ಹೋಗಿ ಮೀನು ನೋಡಿದೆ. ಅದು ಆಸ್ಕರ್ ಮೀನು. ಒಂದೂವರೆ ವರ್ಷದ ಹಿಂದೆ ಅವನ ಮಾವ ಪೇಟೆಯ ಅಂಗಡಿಯಿಂದ ಎರಡು ಮರಿ ತಂದುಕೊಟ್ಟಿದ್ದರಂತೆ. ಆಗ ಒಂದೊಂದೂ ಬೆಂಕಿಪೆಟ್ಟಿಗೆಯ ಉದ್ದ. ಆರು ತಿಂಗಳಲ್ಲಿ ದೊಡ್ಡದು ಚಿಕ್ಕದನ್ನು ಕಚ್ಚಿ ಕಚ್ಚಿ ಸಾಯಿಸಿತು. ಉಳಿದದ್ದು ಈಗ 28 ಸೆಂ.ಮೀ. ತೊಟ್ಟಿ ಮಾತ್ರ ಅದೇ ಹಳೆಯದು: 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರ. ಮೀನು ತಿರುಗಬೇಕಾದರೆ ಮೈಯನ್ನು ಬಿಲ್ಲಿನ ಹಾಗೆ ಬಗ್ಗಿಸಬೇಕು. ಹುಡುಗ ಹತ್ತಿರ ಹೋದ ಕೂಡಲೇ ಅದು ಗಾಜಿಗೆ ಮೂತಿ ಒತ್ತಿ ನಿಂತಿತು. ನಾನು ಹೋದರೆ ಹಿಂದಕ್ಕೆ ಸರಿಯಿತು. ಊಟ ಹಾಕುವವರನ್ನು ಆಸ್ಕರ್ ಗುರುತು ಹಿಡಿಯುತ್ತೆ ಅಂತ ಓದಿದ್ದೆ, ಅವತ್ತು ಕಣ್ಣಾರೆ ಕಂಡೆ. ಪಕ್ಕದಲ್ಲಿ ಅವನ ಅಜ್ಜಿ ಅವರೆಕಾಯಿ ಸುಲೀತಾ ಕೂತಿದ್ದರು. "ಅಷ್ಟು ದಪ್ಪ ಅದ. ಸಾರು ಮಾಡದ್ ಬುಟ್ಟು ಇದ್ಕೆ ದಿನಾ ಊಟ ಹಾಕ್ಕೊಂಡು ಕೂತವ್ನ, ನೋಡಿ ಮೇಷ್ಟ್ರೇ" ಅಂದರು. ಅಜ್ಜಿಯ ಮಾತಿಗೆ ಆಮೇಲೆ ಬರ್ತೀನಿ. ಅದು ನೀವು ಅಂದುಕೊಂಡಷ್ಟು ತಮಾಷೆಯ ಮಾತಲ್ಲ.

ಈ ಮೀನಿನ ಊರು ದಕ್ಷಿಣ ಅಮೆರಿಕದ ಅಮೆಜಾನ್ ನದಿ ಬಯಲು. ಬಾಲದ ಬುಡದಲ್ಲಿ ಕಿತ್ತಳೆ ಉಂಗುರದ ಒಂದು ಕಪ್ಪು ಚುಕ್ಕೆ ಇರುತ್ತೆ, ದೂರದಿಂದ ಕಣ್ಣಿನ ಹಾಗೇ ಕಾಣುತ್ತೆ. ಕಚ್ಚಲು ಬರುವ ಮೀನಿಗೆ ತಲೆ ಯಾವ ಕಡೆ, ಬಾಲ ಯಾವ ಕಡೆ ಅನ್ನುವ ಗೊಂದಲ ಹುಟ್ಟಿಸಲು ಅಂತ ವಿಜ್ಞಾನಿಗಳ ಊಹೆ. ಅಂಗಡಿಯ ಗಾಜಿನ ತೊಟ್ಟಿಗಳಲ್ಲಿ ಇದರ ಜೊತೆಗೆ ಅದೇ ಅಮೆಜಾನ್ ಬಯಲಿನ ಇನ್ನೂ ಕೆಲವು ಮರಿಗಳನ್ನು ನೀವು ನೋಡಿರ್ತೀರಿ. ಬೆಳ್ಳಿ ಪಟ್ಟಿಯ ಹಾಗೆ ಹೊಳೆಯುವ ಅರೋವಾನ. ಕೆಂಪು ಹೊಟ್ಟೆಯ ಪಾಕು, ಇದನ್ನೇ ನಮ್ಮ ಮೀನು ಮಾರ್ಕೆಟ್ಟಿನಲ್ಲಿ ರೂಪ್‌ಚಂದ್ ಅಂತ ಮಾರುತ್ತಾರೆ. ಕೆಂಪು ಬಾಲದ ಕ್ಯಾಟ್‌ಫಿಶ್. ಗಾಜಿಗೆ ಬಾಯಿ ಅಂಟಿಸಿಕೊಂಡಿರುವ "ಟ್ಯಾಂಕ್ ಕ್ಲೀನರ್" ಮೀನು. ದೊಡ್ಡ ಅಂಗಡಿಗಳಲ್ಲಿ ಅರಪೈಮ ಮರಿಯೂ ಸಿಗುತ್ತೆ.

ಇವುಗಳ ಊರನ್ನು ಒಮ್ಮೆ ಊಹಿಸಿಕೊಳ್ಳಿ. ಅಮೆಜಾನಿನ ನಡುಭಾಗದಲ್ಲಿ ಪ್ರತಿವರ್ಷ ನೀರು ಸುಮಾರು ಹತ್ತು ಮೀಟರ್ ಏರುತ್ತದೆ. ಹತ್ತು ಮೀಟರ್ ಅಂದರೆ ಮೂರು ಅಂತಸ್ತಿನ ಕಟ್ಟಡ. ಕಾಡಿಗೆ ಕಾಡೇ ತಿಂಗಳುಗಟ್ಟಲೆ ಮುಳುಗಿರುತ್ತದೆ. ಮೀನುಗಳು ಮರದ ಕೊಂಬೆಗಳ ನಡುವೆ ಈಜುತ್ತವೆ. ನೀರಿಗೆ ಉದುರಿದ ಹಣ್ಣನ್ನು ಪಾಕು ತಿಂದು, ದೂರ ಹೋಗಿ ಬೀಜ ಹಾಕುತ್ತದೆ. ನಮ್ಮ ಕಾಡಿನಲ್ಲಿ ಆನೆ, ಮಂಗಟ್ಟೆ ಹಕ್ಕಿ ಮಾಡುವ ಕೆಲಸ ಅಲ್ಲಿ ಮೀನಿನದು! ಅದರ ಹಲ್ಲು ಹೆಚ್ಚುಕಡಿಮೆ ಮನುಷ್ಯರ ಹಲ್ಲಿನ ಹಾಗೆ ಇರುವುದೂ ಗಟ್ಟಿ ಬೀಜ ಒಡೆಯೋಕೆ. ಅರೋವಾನ ನೀರಿನಿಂದ ಮೇಲಕ್ಕೆ ಹಾರಿ ಕೊಂಬೆಯ ಮೇಲಿನ ಹುಳ ಹಿಡಿಯುತ್ತದೆ. ಅದರ ಗಂಡು ಮೊಟ್ಟೆಗಳನ್ನೂ ಮರಿಗಳನ್ನೂ ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ. ಅರಪೈಮ ಮೂರು ಮೀಟರ್‌ವರೆಗೆ ಬೆಳೆಯಬಲ್ಲದು. ಅದಕ್ಕೆ ಕಿವಿರು ಸಾಲದು, ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಮೇಲೆ ಬಂದು ಗಾಳಿ ನುಂಗಲೇಬೇಕು.

ಇಂಥ ಮೀನನ್ನು ಹತ್ತಿರದಿಂದ ನೋಡಬೇಕು, ಸಾಕಬೇಕು ಅನ್ನುವ ಆಸೆ ತಪ್ಪು ಅಂತ ನಾನು ಹೇಳಲ್ಲ. ಆಸೆ ಇಲ್ಲದವನು ವಿಜ್ಞಾನ ಓದುವುದೂ ಇಲ್ಲ. ನನ್ನ ತಕರಾರು ಇರುವುದು ಲೆಕ್ಕದ ಬಗ್ಗೆ.

ಲೆಕ್ಕ ಮಾಡೋಣ ಬನ್ನಿ. ಒಂದು ಮೀನಿನ ಆಕಾರ ಹಾಗೇ ಇದ್ದು ಉದ್ದ ಎರಡರಷ್ಟಾದರೆ, ಅಗಲವೂ ಎರಡರಷ್ಟು, ಎತ್ತರವೂ ಎರಡರಷ್ಟು. ಅಂದರೆ ತೂಕ ಎಂಟರಷ್ಟು. ನಮ್ಮ ಹುಡುಗನ ಆಸ್ಕರ್ 5 ಸೆಂ.ಮೀ.ನಿಂದ 28 ಸೆಂ.ಮೀ. ಆಗಿದೆ, ಅಂದರೆ 5.6 ಪಟ್ಟು. 5.6ರ ಘನ ಎಷ್ಟು? ಸುಮಾರು 175. ಎರಡೂವರೆ ಗ್ರಾಮಿನ ಮರಿ ಈಗ ಹತ್ತಿರ ಹತ್ತಿರ 440 ಗ್ರಾಂ. ಅದೇ ತೊಟ್ಟಿ, ಅದೇ ನೀರು, 175 ಮರಿಗಳಷ್ಟು ಭಾರದ ಮೀನು. ಕೆಂಪು ಬಾಲದ ಕ್ಯಾಟ್‌ಫಿಶ್ ಲೆಕ್ಕ ಇನ್ನೂ ಭಯ ಹುಟ್ಟಿಸುತ್ತೆ. ಅಂಗಡಿಯಲ್ಲಿ 8 ಸೆಂ.ಮೀ., ಬೆಳೆದರೆ 120 ಸೆಂ.ಮೀ. ದಾಟಬಲ್ಲದು. 15 ಪಟ್ಟು ಉದ್ದ. ತೂಕ ಎಷ್ಟು ಪಟ್ಟು ಅಂತ ನೀವೇ ಗುಣಿಸಿ ನೋಡಿ.

ಇನ್ನು ಗಾಳಿಯ ಲೆಕ್ಕ. 60×30×30 ತೊಟ್ಟಿಯನ್ನು ತುಂಬಿಸಿದರೆ 54 ಲೀಟರ್. 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಲೀಟರಿಗೆ ಹೆಚ್ಚೆಂದರೆ 8 ಮಿಲಿಗ್ರಾಂ ಚಿಲ್ಲರೆ ಆಮ್ಲಜನಕ ಕರಗಿರುತ್ತೆ, ನಮ್ಮ ಬೆಟ್ಟದ ಎತ್ತರದಲ್ಲಿ ಇನ್ನೂ ಕೊಂಚ ಕಡಿಮೆ. ಇಡೀ ತೊಟ್ಟಿಯಲ್ಲಿ ಇರುವ ಆಮ್ಲಜನಕ ಅರ್ಧ ಗ್ರಾಮೂ ಇಲ್ಲ! ಗಾಳಿ ಪಂಪ್ ಓಡುತ್ತಾ ಇದ್ದರೆ ಖರ್ಚಾದದ್ದು ಮತ್ತೆ ಸೇರುತ್ತೆ. ಕರೆಂಟ್ ಹೋದರೆ? ನಮ್ಮ ಕಡೆ ಗಾಳಿಮಳೆ ಬಂದಾಗ ಕರೆಂಟ್ ಎಷ್ಟು ಹೊತ್ತು ಹೋಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಮೂರನೆಯದು ಕಸ. ಮೀನಿನ ಕಿವಿರಿನಿಂದ ಅಮೋನಿಯ ಹೊರಬರುತ್ತದೆ, ಅದು ಮೀನಿಗೇ ವಿಷ. ಸಾರಜನಕ ಚಕ್ರದ ಪಾಠ ನೆನಪಿದೆಯಾ? ಅದೇ ಇಲ್ಲಿ ನಡೆಯೋದು. ಕಲ್ಲು, ಮರಳು, ಫಿಲ್ಟರಿನ ಸ್ಪಂಜಿನ ಮೇಲೆ ಬೆಳೆಯುವ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್. ನಮ್ಮ ಹುಡುಗ ಪಾಪ, ನೀರು ನಾರುತ್ತೆ ಅಂತ ವಾರಕ್ಕೊಮ್ಮೆ ನೀರನ್ನೆಲ್ಲ ಚೆಲ್ಲಿ, ಕಲ್ಲುಗಳನ್ನು ಸೋಪು ಹಾಕಿ ಉಜ್ಜಿ ತೊಳೆಯುತ್ತಿದ್ದ. ಅಂದರೆ ವಾರಕ್ಕೊಮ್ಮೆ ಆ ಬ್ಯಾಕ್ಟೀರಿಯಾಗಳನ್ನೂ ತೊಳೆದು ಚೆಲ್ಲುತ್ತಿದ್ದ. ಶುಚಿ ಮಾಡಿದಷ್ಟೂ ನೀರು ಕೆಡುತ್ತಿತ್ತು. ತಪ್ಪು ಅವನದಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ.

ಅಂಗಡಿಯವರು ಹೇಳಿದ್ದು ಬೇರೆ: "ತೊಟ್ಟಿ ಎಷ್ಟಿರುತ್ತೋ ಮೀನು ಅಷ್ಟೇ ಬೆಳೆಯೋದು." ಈ ಮಾತನ್ನು ನಾನೂ ಚಿಕ್ಕಂದಿನಲ್ಲಿ ಕೇಳಿದ್ದೆ, ನಂಬಿಯೂ ಇದ್ದೆ. ಇದು ಅರ್ಧ ಸುಳ್ಳು, ಅರ್ಧ ಕ್ರೂರ. ಕೆಟ್ಟ ನೀರಿನಲ್ಲಿ ಬೆಳವಣಿಗೆ ಕುಂಠಿತವಾಗುವುದು ನಿಜ. ಆದರೆ ಅದು ಮೀನು ತೊಟ್ಟಿಗೆ ಹೊಂದಿಕೊಂಡದ್ದಲ್ಲ. ಊಟ ಸಿಗದ ಮಗು ಕುಳ್ಳಾದರೆ ಮನೆಗೆ ತಕ್ಕ ಹಾಗೆ ಬೆಳೆಯಿತು ಅಂತ ಅನ್ನುತ್ತೀವಾ? ಬೆನ್ನುಮೂಳೆ ಸೊಟ್ಟಗಾಗಿ, ರೋಗ ಬಂದು, ಹತ್ತು ವರ್ಷಕ್ಕೂ ಮಿಕ್ಕಿ ಬದುಕಬಹುದಾದ ಮೀನು ಎರಡು ಮೂರು ವರ್ಷಕ್ಕೆ ಸಾಯುತ್ತದೆ.

ಹಾಗಾಗಿ ನನ್ನ ಅಭಿಪ್ರಾಯವನ್ನು ಸುತ್ತಿ ಬಳಸದೆ ಹೇಳ್ತೀನಿ. ಪೂರ್ತಿ ಬೆಳೆದಾಗ ಒಂದು ಅಡಿ ಮುಟ್ಟುವ ಯಾವ ಮೀನನ್ನೂ ಮನೆಯ ಗಾಜಿನ ತೊಟ್ಟಿಗೆ ತರಬೇಡಿ. ಮಾರುವವರು ಪ್ರತಿ ತೊಟ್ಟಿಯ ಮೇಲೂ ಬೆಲೆಯ ಪಕ್ಕದಲ್ಲಿ ಬೆಳೆದ ಮೀನಿನ ಅಳತೆಯನ್ನೂ ಬರೆಯಬೇಕು. ಅವರು ಬರೆಯುವವರೆಗೆ ನೀವು ಕೇಳಿ. ಗಪ್ಪಿ ಮೀನೂ ದಕ್ಷಿಣ ಅಮೆರಿಕದ್ದೇ. ಆದರೆ ಬೆಳೆದರೂ ನಿಮ್ಮ ಕಿರುಬೆರಳಿನಷ್ಟಿರುತ್ತೆ, ಮರಿ ಹಾಕುವುದನ್ನೂ ನೋಡಬಹುದು. 54 ಲೀಟರಿಗೆ ಅದು ಸರಿಯಾದ ಮೀನು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಈಗಾಗಲೇ ದೊಡ್ಡದಾಗಿರುವ ಮೀನನ್ನು ಕೆರೆಗೆ ಬಿಟ್ಟರೆ ಏನಾಗುತ್ತೆ?

ನಮ್ಮ ತಾಳವಾಡಿ ಸೀಮೆಯ ನೀರು ಎಲ್ಲಿಗೆ ಹೋಗುತ್ತೆ ಅಂತ ಎಂದಾದರೂ ಯೋಚಿಸಿದ್ದೀರಾ? ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದರೆ ಹಳ್ಳ, ಹಳ್ಳದಿಂದ ಹೊಳೆ. ಉತ್ತರಕ್ಕೆ ಇಳಿಯುವ ನೀರು ಚಾಮರಾಜನಗರದ ಕಡೆಗೆ, ಚಿಕ್ಕಹೊಳೆ, ಸುವರ್ಣಾವತಿ ಸೇರಿಕೊಂಡು ಕೊಳ್ಳೇಗಾಲದ ಹತ್ತಿರ ಕಾವೇರಿಗೆ. ತಲಮಲೆಯಿಂದ ದಕ್ಷಿಣಕ್ಕೆ ಇಳಿಯುವ ನೀರು ಮೋಯಾರ್ ಕಣಿವೆಗೆ, ಅಲ್ಲಿಂದ ಭವಾನಿಸಾಗರ, ಅಲ್ಲಿಂದ ಭವಾನಿ ಪಟ್ಟಣದಲ್ಲಿ ಅದೂ ಕಾವೇರಿಗೆ. ಯಾವ ಕಡೆ ಬಿಟ್ಟರೂ ಕಾವೇರಿಯೇ. ನಮ್ಮೂರ ಕೆರೆ ಅನ್ನೋದು ನಮ್ಮೂರದ್ದು ಮಾತ್ರ ಅಲ್ಲ.

ಆ ಮೋಯಾರ್ ಹೊಳೆಯಲ್ಲಿ ಏನಿದೆ ಗೊತ್ತಾ? ದಿಂಬಂ ಘಾಟಿಯ 27 ತಿರುವು ಇಳಿಯುವಾಗ ನೀವು ಬಸ್ಸಿನ ಕಿಟಕಿಯಿಂದ ಆನೆ ಹುಡುಕುತ್ತೀರಿ. ಕಣಿವೆಯ ತಳದ ನೀರಿನಲ್ಲಿ ಆನೆ, ಹುಲಿಗಿಂತಲೂ ಹೆಚ್ಚು ಅಪಾಯದಲ್ಲಿರುವ ಒಂದು ಜೀವ ಇದೆ. ಬೆನ್ನುಗೂನಿನ ಮಾಶೀರ್. ಕಾವೇರಿ ದಡದವರು ಮಾಶೀರನ್ನು ಬಿಳಿಮೀನು ಅಂತಾರೆ. ತಲೆಯ ಹಿಂದೆ ಎದ್ದ ಗೂನು, ಕಿತ್ತಳೆ ಬಣ್ಣದ ಈಜುರೆಕ್ಕೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಒಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮಾಶೀರಿನ ತೂಕ 120 ಪೌಂಡ್, ಅಂದರೆ 54 ಕೆ.ಜಿ. ನಿಮ್ಮಲ್ಲಿ ಅನೇಕರಿಗಿಂತ ಭಾರ! ಈ ಮೀನು ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲ. ಇಷ್ಟು ಪ್ರಸಿದ್ಧವಾಗಿದ್ದರೂ ಇದರ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಅಂತ ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಕೊನೆಯ ಮೆಟ್ಟಿಲಿನಲ್ಲಿದೆ ಅಂತ ಅಂತಾರಾಷ್ಟ್ರೀಯ ಕೆಂಪು ಪಟ್ಟಿಗೂ ಸೇರಿತು. ಈಗ ಅದು ಉಳಿದಿರುವ ಕೆಲವೇ ಜಾಗಗಳಲ್ಲಿ ಮೋಯಾರ್ ಒಂದು. ಹಿನ್ನೀರು, ಸಿಡಿಮದ್ದಿನ ಮೀನುಬೇಟೆ, ಮರಳು ತೆಗೆಯೋದು, ಕಾರಣ ಹಲವು. ಅದರಲ್ಲಿ ಹೊರಗಿನ ಮೀನೂ ಒಂದು. ಮೀನು ಉಳಿಸುವ ಒಳ್ಳೆಯ ಉದ್ದೇಶದಿಂದಲೇ ಲೋಣಾವಳದ ಹ್ಯಾಚರಿಯಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಾಶೀರ್ ಮರಿಗಳನ್ನು ಹಿಂದೆ ಕಾವೇರಿಗೆ ಬಿಟ್ಟಿದ್ದರು. ಗಾಳ ಹಾಕುವವರು ಬರೆದಿಟ್ಟ ಹಳೆಯ ದಾಖಲೆಗಳನ್ನು ಸಂಶೋಧಕರು ತೆಗೆದು ನೋಡಿದಾಗ ನೀಲಿ ರೆಕ್ಕೆಯದು ಹೆಚ್ಚುತ್ತಾ ಹೋಗಿತ್ತು, ಗೂನಿನದು ಕಡಿಮೆಯಾಗುತ್ತಾ ಬಂದಿತ್ತು.

ನಾನು ಉತ್ಪ್ರೇಕ್ಷೆ ಮಾಡಬಾರದು. ಒಂದು ಆಸ್ಕರ್ ಬಿಟ್ಟರೆ ಮೋಯಾರ್ ಹಾಳಾಗುತ್ತೆ ಅಂದರೆ ಅದು ಸುಳ್ಳು. ಬಿಟ್ಟ ಮೀನುಗಳಲ್ಲಿ ಎಷ್ಟೋ ಹಕ್ಕಿ ಬಾಯಿಗೋ ಚಳಿಗೋ ಹೋಗುತ್ತವೆ. ಕಷ್ಟ ಏನಂದರೆ, ಯಾವುದು ಉಳಿಯುತ್ತೆ ಅಂತ ಬಿಡುವವನಿಗೆ ಮೊದಲೇ ಗೊತ್ತಿರಲ್ಲ. ಉಳಿದದ್ದನ್ನು ವಾಪಸ್ ಹಿಡಿಯೋಕೂ ಆಗಲ್ಲ. "ಜಿಲೇಬಿ" ಮೀನು ನಮ್ಮದೇ ಅಂತ ನೀವೆಲ್ಲ ಅಂದುಕೊಂಡಿದ್ದೀರಿ ಅಲ್ವಾ? ಅದು ಆಫ್ರಿಕಾದ ತಿಲಾಪಿಯ. 1952ರಲ್ಲಿ ಇದೇ ತಮಿಳುನಾಡಿನ ಮಂಡಪಂಗೆ ತಂದರು. ಇವತ್ತು ಅದಿಲ್ಲದ ಕೆರೆ ಹುಡುಕಬೇಕು. ಗಾಜು ನೆಕ್ಕುವ ಟ್ಯಾಂಕ್ ಕ್ಲೀನರ್ ಮೀನು ಆಗಲೇ ತೊಟ್ಟಿಗಳಿಂದ ಹೊರಬಿದ್ದು ತಮಿಳುನಾಡು, ಕರ್ನಾಟಕ, ಆಂಧ್ರದ ನೀರುಗಳಲ್ಲಿ ನೆಲೆಯೂರಿದೆ. ಅದು ಅರ್ಧ ಮೀಟರಿನಷ್ಟು ಬೆಳೆಯುತ್ತೆ, ದಡದ ಮಣ್ಣಿನಲ್ಲಿ ಬಿಲ ಕೊರೆದು ಮೊಟ್ಟೆ ಇಡುತ್ತೆ. ಅದರ ಮುಳ್ಳಿಗೆ ಸಿಕ್ಕಿ ಹರಿದ ಬಲೆಯ ನಷ್ಟ ಬಡ ಮೀನುಗಾರರದು. 2018ರ ಆಗಸ್ಟ್ ಪ್ರವಾಹದಲ್ಲಿ ಕೇರಳದ ಸಾಕಣೆ ಕೊಳಗಳು ಒಡೆದು ಹರಿದಾಗ ಚಾಲಕ್ಕುಡಿ ಹೊಳೆಯಲ್ಲಿ ಬಲೆಗೆ ಅರಪೈಮ ಬಿತ್ತು. ಯಾರೂ ಬೇಕು ಅಂತ ಬಿಟ್ಟದ್ದಲ್ಲ, ಮಳೆಯೇ ಬಿಡಿಸಿತು.

ಇಷ್ಟು ದೂರ ಹೋಗುವುದೂ ಬೇಡ. ಶಾಲೆಯ ಕಾಂಪೌಂಡಿನ ಆಚೆ ನೋಡಿ, ಲಂಟಾನ. ಅದೂ ಅಮೆರಿಕ ಖಂಡದ ಗಿಡವೇ. 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಂದದ ಹೂವಿನ ಗಿಡ ಅಂತ ಬಂತು. ಇವತ್ತು ನಮ್ಮ ಕಾಡಿನ ಹುಲ್ಲಿನ ಜಾಗವನ್ನೆಲ್ಲ ಅದು ಹಿಡಿದಿದೆ, ದನ ಮೇಯಿಸುವ ನಿಮ್ಮ ಅಪ್ಪ ಅಮ್ಮನನ್ನೇ ಕೇಳಿ. ಲಂಟಾನ ಕಣ್ಣಿಗೆ ಕಾಣುತ್ತೆ, ಕತ್ತಿ ಹಿಡಿದು ಕಡಿಯಬಹುದು. ನೀರಿನೊಳಗಿನ ಲಂಟಾನ ಕಾಣುವುದೇ ಇಲ್ಲ.

ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಒಬ್ಬಳು ಎದ್ದು ಕೇಳಿದಳು: "ಡ್ಯಾಮಿಗೆ ಸರ್ಕಾರದವರೇ ಮೀನುಮರಿ ಬುಡ್ತಾರಲ್ಲ ಸಾ?" ಒಳ್ಳೆಯ ಪ್ರಶ್ನೆ. ಬಿಡುತ್ತಾರೆ. ಆ ಕಾಟ್ಲಾ, ರೋಹು ಕೂಡ ಮೂಲತಃ ಗಂಗೆಯ ಬಯಲಿನವು, ಕಾವೇರಿಯವಲ್ಲ. ಸಾವಿರಾರು ಜನರ ಊಟ, ಕೂಲಿ ಅದರಲ್ಲಿದೆ ಅನ್ನುವುದು ನಿಜ. ಅದರಿಂದ ನದಿಗೆ ಏನೂ ಆಗಿಲ್ಲ ಅಂತ ನಾನು ಹೇಳಲಾರೆ. ದೊಡ್ಡವರು ಯೋಚಿಸಿ ಮಾಡಿದ್ದರಲ್ಲೇ ಇಷ್ಟು ತಪ್ಪಿರುವಾಗ, ತೊಟ್ಟಿ ಸಾಲಲಿಲ್ಲ ಅಂತ ಬಿಡುವುದಕ್ಕೆ ಇನ್ನೇನು ಸಮರ್ಥನೆ?

ಇನ್ನೂ ಒಂದು ವಿಷಯ. ಮೀನು ಸತ್ತೇ ಹೋಗಲಿ, ಅದರ ಮೈಯ ಪರಾವಲಂಬಿ ಹುಳಗಳು, ರೋಗಾಣುಗಳು ನೀರಿನಲ್ಲಿ ಉಳಿಯಬಹುದು. ಅದಕ್ಕೇ ತೊಟ್ಟಿಯ ಹಳೆ ನೀರನ್ನೂ ಹಳ್ಳಕ್ಕೆ ಚೆಲ್ಲಬೇಡಿ, ತೆಂಗಿನ ಮರದ ಬುಡಕ್ಕೆ ಹಾಕಿ. ಅದರಲ್ಲಿರುವ ನೈಟ್ರೇಟ್ ಮರಕ್ಕೆ ಗೊಬ್ಬರ. ಗಪ್ಪಿಗೂ ಇದೇ ಮಾತು. ಸಣ್ಣದು ಅಂತ ಹಳ್ಳಕ್ಕೆ ಬಿಡುವ ಹಾಗಿಲ್ಲ.

ಹಾಗಾದರೆ ಏನು ಮಾಡೋದು? ಮೊದಲು ಕೊಂಡ ಅಂಗಡಿಗೇ ವಾಪಸ್ ಕೊಡಲು ನೋಡಿ. ದುಡ್ಡು ಕೊಡದಿದ್ದರೂ ಎಷ್ಟೋ ಅಂಗಡಿಯವರು ಮೀನನ್ನು ತಗೊಳ್ತಾರೆ. ದೊಡ್ಡ ಸಿಮೆಂಟ್ ತೊಟ್ಟಿ ಇರುವವರಿಗೆ ಕೊಡಬಹುದು, ಆದರೆ ಮಳೆಗೆ ಉಕ್ಕಿ ಹರಿಯುವ ತೊಟ್ಟಿಗೆ ಬೇಡ. ಅರಪೈಮದಂಥ ಮೀನಾದರೆ ಕಾನೂನೂ ಇದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅಂಥವನ್ನು ಇಟ್ಟುಕೊಂಡವರು ನೋಂದಾಯಿಸಬೇಕು. ಯಾರೂ ತಗೊಳ್ಳದಿದ್ದರೆ, ಮೀನಿಗೆ ರೋಗವಾಗಿದ್ದರೆ, ಪಶು ಆಸ್ಪತ್ರೆಯ ಡಾಕ್ಟರನ್ನು ಕೇಳಿ. ನೋವಿಲ್ಲದೆ ಕೊನೆಗಾಣಿಸುವ ದಾರಿ ಇದೆ. ಓದೋಕೆ ಕಷ್ಟವಾಗುತ್ತೆ, ನನಗೆ ಬರೆಯೋಕೂ. ಅಜ್ಜಿಯ ಮಾತಿಗೆ ಬರ್ತೀನಿ ಅಂದಿದ್ದೆನಲ್ಲ. ಅಮೆಜಾನ್ ದಡದ ಜನ ಆಸ್ಕರನ್ನೂ ಅರಪೈಮವನ್ನೂ ಹಿಡಿದು ತಿನ್ನುತ್ತಾರೆ. ತೊಟ್ಟಿಯ ನೀರಿಗೆ ಔಷಧಿ ಹಾಕಿರಬಾರದು, ಅಷ್ಟೇ. ಕೆರೆಗೆ ಬಿಡೋದಕ್ಕಿಂತ ಅಜ್ಜಿಯ ಸಾರೇ ಮೇಲು ಅಂತ ನಾನು ಹೇಳಿದಾಗ ಹುಡುಗನ ಮುಖ ನೋಡಬೇಕಿತ್ತು!

ಸಾರು ಆಗಲಿಲ್ಲ. ಅವನ ಮನೆಯ ಹಿತ್ತಲಲ್ಲಿ ಒಡೆದ ಸಿಂಟೆಕ್ಸ್ ಟ್ಯಾಂಕ್ ಒಂದು ಬಿದ್ದಿತ್ತು, ಸಾವಿರ ಲೀಟರಿನದು. ಮೇಲ್ಭಾಗ ಕೊಯ್ದು, ಬಿರುಕಿಗೆ ಎಂ-ಸೀಲ್ ಹಚ್ಚಿ, ದನದ ಕೊಟ್ಟಿಗೆಯ ಸೂರಿನ ಕೆಳಗೆ ಇಟ್ಟು ಮುಕ್ಕಾಲು ತುಂಬಿಸಿದ್ದಾನೆ. ಮೇಲೆ ಬಲೆ. ಹಳೇ ತೊಟ್ಟಿಯ ಕಲ್ಲುಗಳನ್ನು ಈ ಸಲ ಸೋಪು ಹಾಕದೆ ಹಾಗೇ ಹಾಕಿದ್ದಾನೆ. ವಾರಕ್ಕೆ ಕಾಲು ಭಾಗ ನೀರು ಮಾತ್ರ ಬದಲಾಯಿಸುತ್ತಾನೆ, ತೆಗೆದದ್ದು ತೆಂಗಿಗೆ. ಡಿಸೆಂಬರ್ ಚಳಿಗೆ ಏನು ಮಾಡೋದು ಅನ್ನುವುದು ಈಗಿನ ತಲೆನೋವು. ಅಷ್ಟು ನೀರು ಕಾಯಿಸುವ ಹೀಟರಿಗೆ ದುಡ್ಡೂ ಬೇಕು, ಕರೆಂಟೂ ಬೇಕು. ಸದ್ಯಕ್ಕೆ ಹುಲ್ಲು, ಗೋಣಿಚೀಲ ಸುತ್ತಿ, ದಿನಾ ಬೆಳಿಗ್ಗೆ ಲ್ಯಾಬಿನ ಥರ್ಮಾಮೀಟರ್ ಇಟ್ಟು ಬರೆದುಕೊಳ್ಳುತ್ತಿದ್ದಾನೆ. ನಿನ್ನೆ ಬೆಳಿಗ್ಗೆ ಆರು ಗಂಟೆಗೆ 21 ಡಿಗ್ರಿ. ಮೀನು ಬೆಳಗಿನ ಊಟ ಮುಟ್ಟಲಿಲ್ಲವಂತೆ, ಬಿಸಿಲೇರಿದ ಮೇಲೆ ತಿಂದಿತಂತೆ.